ನಾಲ್ಕು ಪ್ರನಾಳ, ಒಬ್ಬ ವಕೀಲ

ಶಾಲೆಯಲ್ಲಿ ನನಗೆ ರಸಾಯನಶಾಸ್ತ್ರದಲ್ಲಿ ನೂರಕ್ಕೆ 98 ಬಂದಿತ್ತು. ಈ ಸಂಗತಿಯನ್ನು ಗೆಳೆಯರಿಗೆ ನಾನು ತಿಂಗಳಿಗೊಮ್ಮೆ ಮಾತ್ರ ನೆನಪಿಸುತ್ತೇನೆ. ಮೊನ್ನೆ ಸಂಜೆ ಆ ತಿಂಗಳ ಪಾಳಿ ಮುಗಿದಿದ್ದರೂ ಇನ್ನೊಮ್ಮೆ ನೆನಪಿಸಿದ್ದು ತಪ್ಪಾಯಿತು.

ನಮ್ಮ ಮೇಷ್ಟ್ರಿಗೆ ನಿವೃತ್ತರಾದ ಮೇಲೂ ಪ್ರೌಢಶಾಲೆಯ ಮಕ್ಕಳನ್ನು ರಸಾಯನಶಾಸ್ತ್ರದ ಸ್ಪರ್ಧೆಗಳಿಗೆ ಅಣಿಗೊಳಿಸುವ ಚಟ. ಅಂದು ಅವರ ಬಾಯಲ್ಲಿ ಇದ್ದದ್ದು ಅಂತರರಾಷ್ಟ್ರೀಯ ಒಲಿಂಪಿಯಾಡ್. 1968ರಲ್ಲಿ ಪ್ರಾಗ್‌ನಲ್ಲಿ ಶುರುವಾದಾಗ ಚೆಕೊಸ್ಲೊವಾಕಿಯ, ಹಂಗೆರಿ, ಪೋಲೆಂಡ್ ಮೂರೇ ದೇಶಗಳಿದ್ದವಂತೆ. ಈಗ 80ಕ್ಕೂ ಹೆಚ್ಚು. ಒಂದು ದೇಶದಿಂದ ಹೆಚ್ಚೆಂದರೆ ನಾಲ್ಕು ಮಕ್ಕಳು.

"ಲಿಖಿತಕ್ಕೆ ಐದು ಗಂಟೆ, ಪ್ರಯೋಗಕ್ಕೆ ಇನ್ನೊಂದು ದಿನ ಹೆಚ್ಚೆಂದರೆ ಐದು ಗಂಟೆ" ಎಂದರು ಮೇಷ್ಟ್ರು.

"ಐದು ಗಂಟೆಯೇ! ನನಗೆ ಮೂರು ಗಂಟೆಯ ಪರೀಕ್ಷೆಯಲ್ಲೇ ಎರಡು ಗಂಟೆ ಬೇಸರ ಕಳೆಯುವುದಕ್ಕೆ ಬೇಕಾಗುತ್ತಿತ್ತು" ಎಂದ ಬ್ಯಾಂಕಿನ ಗೆಳೆಯ.

"ನಾನಾದರೆ ಆವರ್ತ ಕೋಷ್ಟಕವನ್ನು ಹಿಂದುಮುಂದಾಗಿ ಒಪ್ಪಿಸಿಬಿಡುತ್ತಿದ್ದೆ. 98 ಎಂದರೆ ಸುಮ್ಮನೆಯೇ?" ಎಂದೆ.

"ಆವರ್ತ ಕೋಷ್ಟಕವನ್ನು ಪ್ರಶ್ನೆಪತ್ರಿಕೆಯ ಜೊತೆಗೇ ಕೊಡುತ್ತಾರೆ. ಸ್ಥಿರಾಂಕಗಳನ್ನೂ ಕೊಡುತ್ತಾರೆ."

ನನ್ನ ಆಸ್ತಿಯಲ್ಲಿ ಮುಕ್ಕಾಲು ಪಾಲು ಅಲ್ಲೇ ಕರಗಿತು. ಉಳಿದ ಕಾಲು ಪಾಲನ್ನೂ ಕರಗಿಸಲು ಮೇಷ್ಟ್ರು ಒಂದು ಸಮಸ್ಯೆ ಹಾಕಿದರು. ಹೆಸರಿನ ಚೀಟಿ ಇಲ್ಲದ ನಾಲ್ಕು ಪ್ರನಾಳಗಳು. ನಾಲ್ಕರಲ್ಲೂ ನೀರಿನಂತೆ ತಿಳಿಯಾದ ದ್ರಾವಣ. ಒಂದು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಸೋಡಿಯಂ ಕಾರ್ಬೊನೇಟ್, ಒಂದು ಬೇರಿಯಂ ಕ್ಲೋರೈಡ್, ಒಂದು ಸೋಡಿಯಂ ಸಲ್ಫೇಟ್. ಯಾವುದು ಯಾವುದೆಂದು ಹೇಳಬೇಕು. ಇವುಗಳ ಹೊರತು ಬೇರೆ ಯಾವ ರಾಸಾಯನಿಕವನ್ನೂ ಮುಟ್ಟುವಂತಿಲ್ಲ.

"ಲಿಟ್ಮಸ್ ಕಾಗದ?" ಎಂದೆ.

"ಇಲ್ಲ."

"ಮೂಸಿ ನೋಡಿದರೆ?"

"ಎಚ್ಚರಿಕೆ ಕೊಡುತ್ತಾರೆ."

"ಒಂದು ಹನಿ ನಾಲಿಗೆಯ ಮೇಲೆ..."

"ಬೇರಿಯಂ ಕ್ಲೋರೈಡ್ ವಿಷ. ಉತ್ತರ ಸರಿಯಾಗಿದ್ದರೂ ಹೇಳಲು ನೀವು ಇರುವುದಿಲ್ಲ."

ಅಷ್ಟು ಹೊತ್ತು ಸುಮ್ಮನಿದ್ದ ವಕೀಲರು ಕುರ್ಚಿಯ ತುದಿಗೆ ಬಂದರು. ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾದದ್ದನ್ನು ನನ್ನ 98ರಷ್ಟೇ ಅಭಿಮಾನದಿಂದ ಹೇಳಿಕೊಳ್ಳುವ ಮನುಷ್ಯ.

"ಹಾಗಾದರೆ ನಾಲ್ಕು ಜನ ಆರೋಪಿಗಳು. ಹೊರಗಿನ ಸಾಕ್ಷಿ ಇಲ್ಲ. ಒಬ್ಬರ ಮುಂದೆ ಒಬ್ಬರನ್ನು ನಿಲ್ಲಿಸಬಹುದು ತಾನೇ?"

"ನಿಲ್ಲಿಸಲೇಬೇಕು. ಇದು ಇದರೊಡನೆ, ಅದು ಅದರೊಡನೆ."

"ಆರು ಜೋಡಿ" ಎಂದ ಬ್ಯಾಂಕಿನವನು. ಎಣಿಕೆಯ ವಿಷಯದಲ್ಲಿ ಅವನನ್ನು ನಂಬಬಹುದು.

ವಕೀಲರು ಹಳೆಯ ಲಕೋಟೆಯ ಬೆನ್ನಿನ ಮೇಲೆ ಚೌಕ ಎಳೆದರು. ಯಾರು ಯಾರನ್ನು ಕಂಡರೆ ಏನಾಗುತ್ತದೆ ಎಂದು ಮೇಷ್ಟ್ರನ್ನು ಒಂದೊಂದಾಗಿ ಕೇಳಿದರು. ಆಮ್ಲಕ್ಕೆ ಕಾರ್ಬೊನೇಟ್ ಸೇರಿದರೆ ಗುಳ್ಳೆ. ಬೇರಿಯಂಗೆ ಕಾರ್ಬೊನೇಟ್ ಸೇರಿದರೆ ಬಿಳಿಯ ಪ್ರಕ್ಷೇಪ, ಅಂದರೆ ಕರಗದೆ ತಳಕ್ಕೆ ಕೂರುವ ಗಸಿ. ಬೇರಿಯಂಗೆ ಸಲ್ಫೇಟ್ ಸೇರಿದರೂ ಬಿಳಿಯ ಪ್ರಕ್ಷೇಪ. ಉಳಿದ ಮೂರು ಜೋಡಿಗಳಲ್ಲಿ ಪರಸ್ಪರ ಪರಿಚಯವೇ ಇಲ್ಲದಂತೆ ಮೌನ.

"ಮುಗಿಯಿತಲ್ಲ!" ವಕೀಲರು ಪೆನ್ನು ಕೆಳಗಿಟ್ಟರು. "ಇಬ್ಬರ ಜೊತೆ ಪ್ರಕ್ಷೇಪ ಕೊಡುವವನು ಬೇರಿಯಂ. ಒಬ್ಬನೊಡನೆ ಗುಳ್ಳೆ, ಇನ್ನೊಬ್ಬನೊಡನೆ ಪ್ರಕ್ಷೇಪ, ಈ ಎರಡು ನಾಲಿಗೆಯವನು ಕಾರ್ಬೊನೇಟ್. ಬರೀ ಗುಳ್ಳೆ ಆಮ್ಲ. ಬರೀ ಪ್ರಕ್ಷೇಪ ಸಲ್ಫೇಟ್."

ಮೇಷ್ಟ್ರ ಮುಖದಲ್ಲಿ ನಾನು ಎಂದೂ ಕಾಣದ ಬೆಳಕು. ನನ್ನನ್ನು ನೋಡಿ ಅವರ ಮುಖ ಹಾಗೆ ಅರಳಿದ್ದಿಲ್ಲ, 98 ಎಂದಾಗಲೂ.

ಸುಮ್ಮನೆ ಬಿಡುವುದು ಹೇಗೆ? "ಎರಡೂ ಬಿಳಿಯ ಪ್ರಕ್ಷೇಪವೇ. ಎಲ್ಲೋ ಗುಳ್ಳೆ ಕಣ್ತಪ್ಪಿದ್ದರೆ ಇಡೀ ವಾದ ಬಿದ್ದುಹೋಗುತ್ತದೆ" ಎಂದು ತಕರಾರು ತೆಗೆದೆ.

"ಅದಕ್ಕೆ ಪಾಟೀಸವಾಲು ಇದೆ. ಎರಡು ಪ್ರಕ್ಷೇಪಗಳಿಗೂ ಆಮ್ಲ ಹಾಕಿ" ಎಂದರು ಮೇಷ್ಟ್ರು. "ಬೇರಿಯಂ ಕಾರ್ಬೊನೇಟ್ ನೊರೆಯೆಬ್ಬಿಸಿ ಕರಗಿ ತಪ್ಪೊಪ್ಪಿಕೊಳ್ಳುತ್ತದೆ. ಬೇರಿಯಂ ಸಲ್ಫೇಟ್ ಜಪ್ಪಯ್ಯ ಎಂದರೂ ಕದಲುವುದಿಲ್ಲ."

ವಕೀಲರಿಗೆ ಈಗ ಹುರುಪು ಏರಿತ್ತು. ಅಂಕ ಕೊಡುವ ಕ್ರಮ ಕೇಳಿದರು. ಲಿಖಿತಕ್ಕೆ 60, ಪ್ರಯೋಗಕ್ಕೆ 40. ಮೊದಲ ಹಂತದಲ್ಲಿ ತಪ್ಪಿದ ಸಂಖ್ಯೆಯನ್ನೇ ಹಿಡಿದು ಮುಂದೆ ಸರಿಯಾಗಿ ಲೆಕ್ಕ ಮಾಡಿದ್ದರೆ, ಆ ತಪ್ಪಿಗಾಗಿ ಮತ್ತೆ ಅಂಕ ಕಳೆಯುವುದಿಲ್ಲ.

"ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲ! ಇದು ನಮ್ಮದೇ ತತ್ವ!"

"ಅಷ್ಟೇ ಅಲ್ಲ. ಉತ್ತರಪತ್ರಿಕೆ ತಿದ್ದಿದ ಮೇಲೆ ಪ್ರತಿ ತಂಡದ ಮಾರ್ಗದರ್ಶಕರು ತಿದ್ದಿದವರ ಎದುರು ಕುಳಿತು ಒಂದೊಂದು ಅಂಕಕ್ಕೂ ವಾದಿಸಬಹುದು."

ವಕೀಲರು ನಿಟ್ಟುಸಿರು ಬಿಟ್ಟರು. ಇಷ್ಟು ವರ್ಷ ಆಸ್ತಿ ವ್ಯಾಜ್ಯಗಳಲ್ಲಿ ಹಾಳು ಮಾಡಿದ ಗಂಟಲನ್ನು ನೆನೆದಿರಬೇಕು. ಆಮೇಲೆ ಉದಾರವಾಗಿ ನನ್ನ ಕಡೆ ತಿರುಗಿದರು. "ಇವರ ವಕಾಲತ್ತು ನಾನು ವಹಿಸುತ್ತೇನೆ. ಲಿಟ್ಮಸ್ ಎಂದದ್ದು ಸದುದ್ದೇಶದಿಂದ. ಅರ್ಧ ಅಂಕವಾದರೂ ಸಿಗಬೇಕು."

"ಕೊಡೋಣ" ಎಂದರು ಮೇಷ್ಟ್ರು. "ಆದರೆ ಸುರಕ್ಷತೆಯ ನಿಯಮವೊಂದಿದೆ. ಮೊದಲ ತಪ್ಪಿಗೆ ಎಚ್ಚರಿಕೆ, ಎರಡನೆಯದಕ್ಕೆ ಪ್ರಯೋಗಾಲಯದಿಂದ ಹೊರಗೆ. ಇವರು ಮೂಸಿದ್ದಾರೆ, ನೆಕ್ಕಿದ್ದಾರೆ."

"ನನ್ನ ಕಕ್ಷಿದಾರರು ನೆಕ್ಕಿಲ್ಲ, ನೆಕ್ಕಲು ಅನುಮತಿ ಕೇಳಿದ್ದಾರೆ!"

ವಾದ ಅರ್ಧ ಗಂಟೆ ನಡೆಯಿತು. ಕೊನೆಗೆ ಬ್ಯಾಂಕಿನವನು ಲಕೋಟೆಯ ಮೂಲೆಯಲ್ಲಿ ಕೂಡಿ ಕಳೆದು ನನ್ನ ಅಂಕ ಬರೆದು ತೋರಿಸಿದ. ಸೊನ್ನೆ ಎಂದುಕೊಂಡೆ. ಕನ್ನಡಕ ಹಾಕಿ ನೋಡಿದರೆ ಅದು ಸೊನ್ನೆಯಲ್ಲ, ಕಾಲು ಅಂಕ. ಅದರ ಹಿಂದೆ ಕಳೆಯುವ ಚಿಹ್ನೆ.