ಯುದ್ಧದ ಬಗ್ಗೆ ಮಾತೇ ಆಡದ ಅಪ್ಪನ ಬದುಕನ್ನು ಬರೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು (ಮಗಳು):
ನಮ್ಮಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರಿಂಗ್ ದಳದಲ್ಲಿ ಇದ್ದವರು. 1971ರ ಯುದ್ಧಕ್ಕೆ ಹೋಗಿದ್ದರು ಅನ್ನೋದು ಗೊತ್ತು, ಅಷ್ಟೇ. ಪಟಾಲಂನಿಂದ ಬಂದ ಮೇಲೆ ಕಟ್ಟಡ, ಸೇತುವೆ ಕೆಲಸಗಳ ಉಸ್ತುವಾರಿ ನೋಡಿಕೊಂಡು ನಮ್ಮನ್ನೆಲ್ಲ ಓದಿಸಿದರು. ಈಚೆಗೆ ತೀರಿಕೊಂಡರು. ವರ್ಷದ ತಿಥಿಗೆ ಬರುವವರ ಕೈಗೆ ಒಂದು ಚಿಕ್ಕ ಪುಸ್ತಕ ಕೊಡೋಣ ಅಂತ ಅಣ್ಣ, ನಾನು ಅಂದುಕೊಂಡಿದ್ದೇವೆ. ಆದರೆ ಯುದ್ಧದ ವಿಷಯ ಬಂದರೆ ಅಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಒಂದು ಟ್ರಂಕ್ ಇದೆ. ಮೆಡಲ್, ಕಾಗದ, ಫೋಟೋ ಎಲ್ಲ ಅದರಲ್ಲೇ. ಎಲ್ಲಿಂದ ಶುರು ಮಾಡೋದು?

ಒಬ್ಬ ಮೊಮ್ಮಗ:
ತಾತನದ್ದು ನಾನು ಮಾಡಿದ್ದೇನೆ. ಟ್ರಂಕ್ ತೆಗೆದ ತಕ್ಷಣ ಜೋಡಿಸೋಕೆ ಕೂರಬೇಡಿ. ಯಾವುದರ ಜೊತೆ ಯಾವುದು ಇತ್ತು ಅನ್ನೋದೂ ಒಂದು ಮಾಹಿತಿಯೇ. ಮೊದಲು ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ.

ಆಮೇಲೆ ಮೆಡಲ್‌ಗಳ ಅಂಚು, ಹಿಂಬದಿ ನೋಡಿ. ನಂಬರು, ಹೆಸರು ಕೆತ್ತಿರುತ್ತಾರೆ. 1971ಕ್ಕೆ ಸಂಬಂಧಿಸಿ ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ಕಡೆ ಇದ್ದರು ಅಂತ ಅರ್ಥ. ಸಂಗ್ರಾಮ್ ಮೆಡಲ್ ಆಗ ಸೇವೆಯಲ್ಲಿದ್ದ ಹೆಚ್ಚಿನವರಿಗೆ ಸಿಕ್ಕಿದೆ. ಅದೊಂದರಿಂದ ಜಾಗ ತಿಳಿಯೋದಿಲ್ಲ.

ಡಿಸ್ಚಾರ್ಜ್ ಬುಕ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸೇರಿದ ದಿನ, ಬಿಟ್ಟ ದಿನ, ಟ್ರೇಡ್ (ಮಾಡುತ್ತಿದ್ದ ಕೆಲಸ), ಮೆಡಲ್ ಎಲ್ಲ ಅದರಲ್ಲಿ ಬರೆದಿರುತ್ತಾರೆ. ಇನ್‌ಲ್ಯಾಂಡ್ ಲೆಟರ್‌ಗಳನ್ನು ಮಾತ್ರ ನಿಧಾನವಾಗಿ ಬಿಡಿಸಿ, ಮಡಿಕೆಯಲ್ಲೇ ಹರಿಯುತ್ತವೆ. ವಿಳಾಸದಲ್ಲಿ 56 ಎಪಿಒ ಅಥವಾ 99 ಎಪಿಒ (ಸೇನೆಯ ಅಂಚೆ ಕಚೇರಿ) ಅಂತಷ್ಟೇ ಇರುತ್ತೆ. ಊರ ಹೆಸರು ಹುಡುಕಿ ಪ್ರಯೋಜನವಿಲ್ಲ, ಬೇಕಂತಲೇ ಬರೆಯುತ್ತಿರಲಿಲ್ಲ. ಆದರೆ ರೆಜಿಮೆಂಟು, ಕಂಪನಿ ನಂಬರು ಇರುತ್ತೆ. ಅದನ್ನು ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ.

ನಿವೃತ್ತ ಸುಬೇದಾರ್:
ನೋಡಮ್ಮ, ನಾನೂ ತಂಬಿಯೇ. ಮದ್ರಾಸ್ ಸ್ಯಾಪರ್ಸ್‌ನವರನ್ನು ಫೌಜಿನಲ್ಲಿ ಹಾಗೇ ಕರೆಯೋದು. ನಿಮ್ಮ ತಂದೆ ಯಾವ ರೆಜಿಮೆಂಟಿನಲ್ಲಿದ್ದರು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಯಾಕೆ ಹೇಳ್ತೀನಿ ಅಂದ್ರೆ, 71ರ ಸ್ಯಾಪರ್ ಅಂದ ಕೂಡಲೇ ಎಲ್ಲರೂ ಬಸಂತರ್ ಅಂತ ಬರೆದುಬಿಡ್ತಾರೆ. ಪಶ್ಚಿಮದ ಕಡೆ ಶಕರ್‌ಗಢ ಸೆಕ್ಟರಿನ ಬಸಂತರ್ ನದಿಯಲ್ಲಿ ಟ್ಯಾಂಕುಗಳು ದಾಟೋಕೆ ಮೈನ್‌ಫೀಲ್ಡಿನಲ್ಲಿ, ಅಂದ್ರೆ ನೆಲಬಾಂಬ್ ಹೂತ ಜಾಗದಲ್ಲಿ ದಾರಿ ಬಿಡಿಸಿದ್ದು ನಮ್ಮ 9 ಎಂಜಿನಿಯರ್ ರೆಜಿಮೆಂಟ್. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದವು. ದೊಡ್ಡ ಕೆಲಸವೇ. ಆದರೆ ಎಲ್ಲ ತಂಬಿಗಳೂ ಅಲ್ಲಿರಲಿಲ್ಲ. ಪೂರ್ವದಲ್ಲಿ ಢಾಕಾ ತಲುಪೋಕೆ ನದಿ ಮೇಲೆ ನದಿ ದಾಟಬೇಕಿತ್ತು. ಅಲ್ಲಿ ಸೇತುವೆ ಹಾಕಿದವನ ಕೆಲಸವೇನು ಕಮ್ಮಿಯದಾ? ಇಲ್ಲದ ಕಥೆ ಅಂಟಿಸಬೇಡಿ. ಪುಸ್ತಕ ಓದುವವರಲ್ಲಿ ಒಬ್ಬ ಮಾಜಿ ಸೈನಿಕ ಇದ್ದರೂ ಗೊತ್ತಾಗಿಬಿಡುತ್ತೆ.

ಇನ್ನೊಂದು. ಅವರ ಜೊತೆಯವರು ಯಾರಾದರೂ ಸಿಕ್ಕರೆ "ಯುದ್ಧ ಹೇಗಿತ್ತು ಅಂಕಲ್" ಅಂತ ಕೇಳಬೇಡಿ. ಹಾಗೆ ಕೇಳಿದರೆ ನಾನೂ "ಚೆನ್ನಾಗಿತ್ತಮ್ಮ" ಅಂತ ಹೇಳಿ ಟೀ ಕುಡೀತೀನಿ. ಕೆಲಸದ ಬಗ್ಗೆ ಕೇಳಿ. ಬೈಲಿ ಸೇತುವೆ (ಉಕ್ಕಿನ ಪ್ಯಾನಲ್‌ಗಳನ್ನು ಜೋಡಿಸಿ ಕಟ್ಟೋದು) ಕಟ್ಟಿದ್ದೀರಾ, ಪ್ಯಾನಲ್ ಹೊರುವಾಗ ನಮ್ಮಪ್ಪ ಯಾವ ಕಡೆ ನಿಲ್ಲುತ್ತಿದ್ದರು ಅಂತ ಕೇಳಿ. ಒಂದು ಪ್ಯಾನಲ್ 10 ಅಡಿ ಉದ್ದ, ತೂಕ ಸುಮಾರು 260 ಕೆಜಿ. ಆರು ಜನ ಹೆಗಲು ಕೊಡಬೇಕು, ಒಬ್ಬ ಕುಗ್ಗಿದರೂ ಉಳಿದ ಐವರಿಗೆ ಭಾರ. ಪಕ್ಕದಲ್ಲಿ ಹೊತ್ತವನನ್ನು ಯಾರೂ ಮರೆಯೋದಿಲ್ಲ. ಮೈನ್ ತೆಗೆಯೋದೂ ಹಾಗೇ. ಹೊಟ್ಟೆ ಮೇಲೆ ಮಲಗಿ, ಪ್ರಾಡರ್ ಅನ್ನೋ ಚೂಪು ಸಲಾಕೆಯನ್ನು ಓರೆ ಹಿಡಿದು ಮೆಲ್ಲಗೆ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ಮೇಲಿನಿಂದ ಒತ್ತು ಬಿದ್ದು ಸಿಡಿಯಬಹುದು. ಕೈ ನೆನಪು ಬಂದರೆ ಬಾಯಿ ತಾನಾಗೇ ಬಿಡುತ್ತೆ.

ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗೀತು ಅಂತ ಪುಸ್ತಕದಲ್ಲಿ ಇರುತ್ತೆ. ನಮ್ಮವರಿಗೆ ಅಲ್ಲಿಗೆ ಮುಗೀಲಿಲ್ಲ. ಹೂತ ಮೈನ್ ತೆಗೆಯೋರು ಯಾರು? ಯುದ್ಧ ನಿಂತ ಮೇಲೆ ಆ ಕೆಲಸದಲ್ಲಿ ಕಾಲು ಕಳೆದುಕೊಂಡವರು, ಸತ್ತವರು ಇದ್ದಾರೆ. ನಿಮ್ಮ ತಂದೆ ಎದ್ದು ಹೊರಗೆ ಹೋಗುತ್ತಿದ್ದದ್ದಕ್ಕೆ ಕಾರಣ ಆ 14 ದಿನಗಳಲ್ಲೇ ಇರಬೇಕು ಅಂತೇನಿಲ್ಲ. 1972ರ ಕಾಗದಗಳನ್ನೂ ನೋಡಿ.

ರೆಕಾರ್ಡ್ಸ್ ಆಫೀಸ್ ಬೆಂಗಳೂರಿನಲ್ಲೇ ಇದೆ. ಸರ್ವಿಸ್ ನಂಬರ್ ಹಾಕಿ, ಅರ್ಜಿ ತಾಯಿಯವರ ಹೆಸರಲ್ಲಿ ಬರೆಸಿ. ಫ್ಯಾಮಿಲಿ ಪೆನ್ಷನ್ ಅವರ ಹೆಸರಲ್ಲೇ ಇರುತ್ತಲ್ವಾ. ಬರೆಯೋಕೆ ಬರದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ರ‍್ಯಾಂಕ್ ಸರಿಯಾಗಿ ಹಾಕಿ, ದಯವಿಟ್ಟು. ಹವಾಲ್ದಾರ್ ಆಗಿದ್ದವರನ್ನು ಸುಬೇದಾರ್ ಮಾಡಿದರೆ ಅದು ಗೌರವ ಅಲ್ಲ.

ಫೌಜಿ ಮನೆಯ ಸೊಸೆ:
ಮೇಲಿನವರೆಲ್ಲ ಟ್ರಂಕ್ ನೋಡಿ ಅಂದರು. ನಾನು ಹೇಳೋದು, ಅಮ್ಮನನ್ನು ಕೇಳಿ. ಅದೂ ನೋಟ್‌ಬುಕ್ ಹಿಡಿದು ಎದುರು ಕೂತಲ್ಲ. ಸೊಪ್ಪು ಬಿಡಿಸುವಾಗ ಕೇಳಿ. ನಮ್ಮತ್ತೆಗೆ ಇಸವಿ ನೆನಪಿಲ್ಲ, ಆದರೆ "ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ", "ದೊಡ್ಡವಳಿಗೆ ದಡಾರ ಎದ್ದಾಗ" ಅಂತ ಶುರು ಮಾಡಿದರೆ ತಿಂಗಳ ಸಮೇತ ಬರುತ್ತಿತ್ತು. ಮಾವ ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ ಪಕ್ಕದ ಮನೆ ರೇಡಿಯೋ ಮುಂದೆ ಕೂತದ್ದು, ಮನಿಯಾರ್ಡರ್ ಬಂದರೆ ಬದುಕಿದ್ದಾರೆ ಅಂತ ತಿಳಿದುಕೊಂಡದ್ದು, ಇದೆಲ್ಲ ಯಾವ ಡಿಸ್ಚಾರ್ಜ್ ಬುಕ್‌ನಲ್ಲಿ ಇರುತ್ತೆ? ವರ್ಷಕ್ಕೆ ಎರಡು ತಿಂಗಳ ರಜೆ. ಉಳಿದ ಹತ್ತು ತಿಂಗಳು ಮನೆ ನಡೆಸಿದ್ದು ಅವರು. ನಿಮ್ಮ ಪುಸ್ತಕದಲ್ಲಿ ಅಮ್ಮನಿಗೂ ಜಾಗ ಬೇಕು.

"ಶಿಸ್ತಿನ ಸಿಪಾಯಿ, ಸರಳ ಸಜ್ಜನ" ಅಂತ ಮಾತ್ರ ಬರೆಯಬೇಡಿ. ಎಲ್ಲರ ತಿಥಿ ಪುಸ್ತಕದಲ್ಲೂ ಅದೇ ಇರುತ್ತೆ. ನಮ್ಮ ಮಾವ ಮನೆ ಕಟ್ಟಿಸುವಾಗ ಲೆಕ್ಕ ಬರೆದ ಪುಸ್ತಕ ಅಟ್ಟದಲ್ಲಿ ಸಿಕ್ಕಿತು. ಸಿಮೆಂಟ್ ಮೂಟೆ ಎಷ್ಟು, ಯಾವ ಗೋಡೆಗೆ ಎಷ್ಟು ದಿನ ನೀರು ಹಾಕಿದ್ದು, ಗಾರೆಯವನಿಗೆ ಕೊಟ್ಟ ಮುಂಗಡ. ನಡುವೆ ಒಂದು ಸಾಲು, "ಮಗುವಿಗೆ ಜ್ವರ, ಕೆಲಸ ನಿಲ್ಲಿಸಿದೆ". ಆ ಪುಟವನ್ನು ಹಾಗೇ ಅಚ್ಚು ಹಾಕಿಸಿದೆವು. ನಿಮ್ಮ ತಂದೆಯೂ ಎಂಜಿನಿಯರಿಂಗ್ ಕೆಲಸದವರು ಅಂದ ಮೇಲೆ ಇಂಥದ್ದೊಂದು ಇದ್ದೇ ಇರುತ್ತೆ. ತೂಕದ ಗುಂಡು, ರಸಮಟ್ಟ, ಟೇಪು ಏನಿದ್ದರೂ ಎಸೆಯಬೇಡಿ.

ಇನ್ನೊಬ್ಬರು:
ನನಗೆ ಒಂದು ಅನುಮಾನ. ಅವರು ಬೇಡ ಅಂತ ಬಿಟ್ಟದ್ದನ್ನು ನಾವು ಅಗೆಯಬೇಕಾ? ನಮ್ಮ ದೊಡ್ಡಪ್ಪನ ಸ್ನೇಹಿತರೊಬ್ಬರು ಹೇಳಿದ್ದನ್ನು ಅಚ್ಚು ಹಾಕಿಸಿ, ಆಮೇಲೆ ದೊಡ್ಡಮ್ಮ ತುಂಬಾ ನೊಂದುಕೊಂಡರು.

ನಿವೃತ್ತ ಸುಬೇದಾರ್:
ಸರಿಯಾದ ಪ್ರಶ್ನೆ. ಕಾಗದದಲ್ಲಿ ಇರೋದನ್ನು ಹಾಕಿ. ಬಾಯಿಮಾತಿನಲ್ಲಿ ಬಂದದ್ದನ್ನು ಹೇಳಿದವರಿಗೂ ತಾಯಿಯವರಿಗೂ ಓದಿ ತೋರಿಸಿ, ಆಮೇಲೆ ಹಾಕಿ. ಸತ್ತ ಜೊತೆಗಾರರ ಹೆಸರು ಬಂದರೆ ಅವರ ಮನೆಯವರೂ ಇದ್ದಾರೆ ಅನ್ನೋದು ನೆನಪಿರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಟ್ರಂಕ್ ತೆಗೆದೆವು. ಪಶ್ಚಿಮಿ ಸ್ಟಾರ್ ಇದೆ. 1972ರ ಮಾರ್ಚ್‌ನ ಒಂದು ಇನ್‌ಲ್ಯಾಂಡ್ ಸಿಕ್ಕಿತು. ಬರೀ ದನದ ವಿಷಯ, ಬಾವಿಗೆ ಕಲ್ಲು ಕಟ್ಟಿಸುವ ವಿಷಯ. ಹೊಂಡದ ಅಳತೆ ಹಾಕಿ ಚಿತ್ರ ಬೇರೆ ಬರೆದಿದ್ದಾರೆ! ಅಮ್ಮ ಅದನ್ನು ನೋಡಿ "ಆ ಬಾವಿ ಮೂರಡಿ ಆಚೆ ತೋಡಿಸಿದ್ದೆ, ಬಂದು ಜಗಳ ಆಡಿದ್ರು" ಅಂದರು. ಇಷ್ಟು ವರ್ಷ ಇದು ನಮಗೆ ಗೊತ್ತೇ ಇರಲಿಲ್ಲ. ಸೇತುವೆ ಮುಂದೆ ನಿಂತ ಒಂದು ಗುಂಪಿನ ಫೋಟೋ ಇದೆ, ಹಿಂದೆ ಹೆಸರುಗಳಿಲ್ಲ. ಅದಕ್ಕೇನು ಮಾಡೋದು?

ಒಬ್ಬ ಮೊಮ್ಮಗ:
ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ, ಪ್ರತಿ ಮುಖಕ್ಕೂ ಒಂದು ನಂಬರು ಹಾಕಿ ಮಾಜಿ ಸೈನಿಕರ ವಾಟ್ಸಾಪ್ ಗುಂಪುಗಳಿಗೆ ಕಳಿಸಿ. ನಂಬರು ಇಲ್ಲದಿದ್ದರೆ "ಎಡಗಡೆಯಿಂದ ಎರಡನೆಯವನು ನಾನೇ" ಅಂತ ಇಬ್ಬರು ಹೇಳ್ತಾರೆ. ಮೂಲ ಫೋಟೋ ಹಿಂದೆ ಬರೆಯೋದಾದರೆ ಪೆನ್ ಬೇಡ, ಮೆತ್ತನೆ ಪೆನ್ಸಿಲ್.