ರೆಸಿಡೆನ್ಸಿ ಇಂಟರ್‌ವ್ಯೂ: ದಾವಣಗೆರೆ ಡಾಕ್ಟರ್‌ಗಳ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತಜ್ಞ ತರಬೇತಿ) ಮುಗಿಸಿ ಅಲ್ಲೇ ಕೆಲಸದಲ್ಲಿರುವ ನಮ್ಮೂರ ಮೇಡಂ ಇವತ್ತು ಉತ್ತರಿಸುತ್ತಾರೆ. ಇಂಟರ್‌ವ್ಯೂ ಕರೆ ಬಂದವರು ಕೇಳಿ.

ಹರಿಹರ: ಮೇಡಂ, ವಿಡಿಯೊ ಇಂಟರ್‌ವ್ಯೂ ನಮ್ಮ ಟೈಮಿಗೆ ಎಷ್ಟೊತ್ತಿಗೆ ಬರುತ್ತೆ?

ಡಾಕ್ಟರ್: ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ನ್ಯೂಯಾರ್ಕ್‌ನ ಬೆಳಗಿನ 8 ನಿಮಗೆ ಸಂಜೆ 6.30. ಷಿಕಾಗೋದ 8 ನಿಮಗೆ 7.30. ಯುಪಿಎಸ್ ಇರಲಿ, ಫೋನಿನ ಹಾಟ್‌ಸ್ಪಾಟ್ ಕೂಡ ರೆಡಿ ಇರಲಿ.

ಪಿ.ಜೆ. ಬಡಾವಣೆ: ಜೆ-1 ವೀಸಾ ಒಳ್ಳೆಯದಾ, ಎಚ್-1ಬಿ ವೀಸಾ ಒಳ್ಳೆಯದಾ?

ಡಾಕ್ಟರ್: ಜೆ-1 ಆದರೆ ಟ್ರೈನಿಂಗ್ ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲಿರಬೇಕು, ಇಲ್ಲವೇ ವೇವರ್, ಅಂದರೆ ಅದರಿಂದ ವಿನಾಯಿತಿ ಸಿಗಬೇಕು. ಎಚ್-1ಬಿಗೆ ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 3 ಪಾಸಾಗಿರಬೇಕು. ಯಾವುದನ್ನು ಕೊಡುತ್ತಾರೆ ಅನ್ನೋದನ್ನು ಆಯಾ ಪ್ರೋಗ್ರಾಮಿನವರ ಹತ್ತಿರವೇ ತಿಳಿದುಕೊಳ್ಳಿ.

ಚಿತ್ರದುರ್ಗ: ಮೇಡಂ, 2018ರಲ್ಲಿ ಎಂಬಿಬಿಎಸ್ ಮುಗೀತು. ಮೂರು ವರ್ಷ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಅಪ್ಪನ ಡಯಾಲಿಸಿಸ್ ಅಂತ ಎರಡು ವರ್ಷ ಮನೆಯಲ್ಲೇ. 'ನಿಮ್ಮಿಂದಾದ ಒಂದು ತಪ್ಪು ಹೇಳಿ' ಅಂದರೆ ಹೇಳೋಕೆ ಕೋಚಿಂಗ್‌ನವರು ಉತ್ತರ ಬರೆದುಕೊಟ್ಟಿದ್ದಾರೆ. ನನ್ನ ನಿಜವಾದ ತಪ್ಪು ಬೇರೆ. ಹಾವು ಕಚ್ಚಿದೆ ಅಂತ ಒಬ್ಬ ಹುಡುಗನನ್ನು ಕರೆತಂದರು. 20 ನಿಮಿಷ ಆದರೂ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ. ವಿಷ ಏರಿದೆ ಅಂದುಕೊಂಡು ಅದರ ಮದ್ದು ಆಂಟಿವೆನಮ್ ಶುರು ಮಾಡಿದೆ. ಆ ಮದ್ದಿಗೇ ಮೈಯೆಲ್ಲ ದದ್ದು ಎದ್ದು ಬಿಪಿ ಬಿತ್ತು. ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡೆವು. ಟ್ಯೂಬನ್ನು ಸೋಪಿನ ಪುಡಿ ಹಾಕಿ ತೊಳೆದಿದ್ದರು ಅಂತ ಆಮೇಲೆ ಗೊತ್ತಾಯಿತು. ನಾನು ಕೇಳಿರಲೇ ಇಲ್ಲ. ಇದನ್ನು ಹೇಳಿದರೆ ಕೈಬಿಡ್ತಾರಾ?

ಡಾಕ್ಟರ್: ಇದನ್ನೇ ಹೇಳಿ. ಬರೆದುಕೊಟ್ಟ ಉತ್ತರ ಯಾವುದು ಅಂತ ಊಹಿಸಬಲ್ಲೆ: 'ಎಲ್ಲ ಕೆಲಸ ನಾನೇ ಮೈಮೇಲೆ ಹಾಕಿಕೊಳ್ತೀನಿ, ಅದೇ ನನ್ನ ತಪ್ಪು.' ರೆಸಿಡೆಂಟ್ ಆಗಿದ್ದಾಗ ಬಂದವರ ಜೊತೆ ಮಾತಾಡುವ ಪಾಳಿ ನನಗೂ ಬರುತ್ತಿತ್ತು. ಒಂದೇ ಮಧ್ಯಾಹ್ನ ಇಬ್ಬರ ಬಾಯಲ್ಲಿ ಇದೇ ಮಾತು ಕೇಳಿದೆ. ಪಕ್ಕದಲ್ಲಿದ್ದ ಡಾಕ್ಟರ್ ಬರೆಯೋದು ನಿಲ್ಲಿಸಿ ಪೆನ್ನು ಕೆಳಗಿಟ್ಟರು.

ಕೇಳುವವರು ಈ ಪರೀಕ್ಷೆಯನ್ನು ನೋಡಿರಲಿಕ್ಕಿಲ್ಲ. ಇಲ್ಲಿ ಲ್ಯಾಬಿನಿಂದ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಬಂದುಬಿಡುತ್ತದೆ. ಅದಕ್ಕೇ ಮೊದಲು ಬಿಡಿಸಿ ಹೇಳಿ: ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ, 20 ನಿಮಿಷ ಮುಟ್ಟದೆ ಇಡೋದು, ಆಮೇಲೆ ಒಂದೇ ಸಲ ಬಗ್ಗಿಸಿ ನೋಡೋದು. ಗಾಜು ತಾಗಿದ್ದಕ್ಕೇ ರಕ್ತ ಹೆಪ್ಪುಗಟ್ಟೋದು. ಸೋಪಿನಂಶ ಉಳಿದರೆ ವಿಷ ಏರದವರ ರಕ್ತವೂ ನೀರಾಗೇ ಉಳಿಯಬಹುದು. ತೊಳೆದವರ ಮೇಲೆ ಹೇಳಬೇಡಿ. 'ನಾನು ಕೇಳಿರಲೇ ಇಲ್ಲ' ಅಂತ ಬರೆದಿದ್ದೀರಲ್ಲ, ಅದೇ ಮಾತು ಇರಲಿ. ಹುಡುಗನ ಹೆಸರು, ಊರು ಬೇಡ. ಎರಡು ನಿಮಿಷ ಸಾಕು.

ನೀವು ಬರೆಯದೆ ಬಿಟ್ಟಿದ್ದು ನನ್ನನ್ನು ಕಾಡುತ್ತಿದೆ. ಅವನ ಮನೆಯವರಿಗೆ ಯಾರು ಹೇಳಿದರು? ಮಾರನೇ ದಿನದಿಂದ ಆ ಟ್ಯೂಬುಗಳು ಏನಾದವು? ಅವರು ಕೇಳೋದು ಇದನ್ನೇ.

ಅಪ್ಪನ ವಿಷಯ ಒಂದೇ ಮಾತಿನಲ್ಲಿ ಹೇಳಿ. ಕ್ಷಮೆ ಕೇಳಬೇಡಿ. 2018 ಅನ್ನೋದನ್ನು ಅರ್ಜಿಯಲ್ಲಿ ನೋಡಿಯೇ ಕರೆದಿದ್ದಾರೆ.

ಹರಿಹರ: ಮದುವೆ ಬಗ್ಗೆ ಕೇಳ್ತಾರಾ ಮೇಡಂ?

ಡಾಕ್ಟರ್: ಕೇಳಬಾರದು. ಕೇಳಿದರೆ ಕೆಲಸದ ಮಾತಿಗೆ ತಿರುಗಿಸಿ.

ನಿಟ್ಟುವಳ್ಳಿ: ಬಂದ ಫಾರ್ವರ್ಡ್ ಹಾಕ್ತಿದ್ದೀನಿ. 'ಇಂಟರ್‌ವ್ಯೂಗೆ ಮುಂಚೆ ಪ್ರೊಪ್ರಾನೊಲಾಲ್ 40 ನುಂಗಿ, ನಡುಕ ನಿಲ್ಲುತ್ತೆ. ಎಲ್ಲ ಪ್ರೋಗ್ರಾಮಿಗೂ ನೀವೇ ನನ್ನ ಮೊದಲ ಆಯ್ಕೆ ಅಂತ ಮೇಲ್ ಹಾಕಿ.'

ಡಾಕ್ಟರ್: ಇದು ಈ ವಾರ ಮೂರನೇ ಸಲ. ಪ್ರೊಪ್ರಾನೊಲಾಲ್ ಎದೆಬಡಿತ ಇಳಿಸುವ ಮಾತ್ರೆ, ಅಸ್ತಮಾ ಇದ್ದವರು ನುಂಗಿದರೆ ಉಸಿರು ಕಟ್ಟಬಹುದು. ಡಾಕ್ಟರ್‌ಗಳಿಗೆ ನಾನು ಇದನ್ನು ಹೇಳಬೇಕಾ? ಆರು ಕಡೆ 'ನೀವೇ ಮೊದಲು' ಅಂದರೆ ಐದು ಸುಳ್ಳು. ಮ್ಯಾಚ್‌ನ (ನಿಮ್ಮ ಪಟ್ಟಿ, ಪ್ರೋಗ್ರಾಮಿನವರ ಪಟ್ಟಿ ಎರಡನ್ನೂ ಹೊಂದಿಸಿ ಸೀಟು ಕೊಡುವ ವ್ಯವಸ್ಥೆಯ) ಲೆಕ್ಕ ಶುರುವಾಗೋದೇ ನಿಮ್ಮ ಪಟ್ಟಿಯಿಂದ. ನಿಜವಾಗಿ ಇಷ್ಟವಾದ ಕ್ರಮದಲ್ಲಿ ಕೊಡಿ. ಯಾರನ್ನು ಮೊದಲಿಟ್ಟಿರಿ ಅಂತ ಅವರು ಕೇಳುವ ಹಾಗೂ ಇಲ್ಲ. ದಯವಿಟ್ಟು ಇದನ್ನು ಅಳಿಸಿ.

ವಿನೋಬನಗರ: ಎಲ್ಲರೂ ಹೊರಟರೆ ನಮ್ಮ ಹಳ್ಳಿಯಲ್ಲಿ ರಾತ್ರಿ ಹಾವು ಕಚ್ಚಿದವನನ್ನು ನೋಡೋರು ಯಾರು? ಸರ್ಕಾರದ ದುಡ್ಡಲ್ಲಿ ಓದಿದ್ದು ಮರೆತುಹೋಯ್ತಾ?

ವಿದ್ಯಾನಗರ: ನಮ್ಮಪ್ಪ ಅಡಿಕೆ ತೋಟ ಅಡ ಇಟ್ಟು ಫೀಸ್ ಕಟ್ಟಿದ್ದು. ನೀಟ್ ಪಿಜಿ ಮೂರು ಸಲ ಬರೆದೆ. ಲೆಕ್ಕ ಕೇಳೋಕೆ ನೀವ್ಯಾರ್ರೀ?

ವಿನೋಬನಗರ: ಊರಿನ ರೋಗಿಗಳ ಮೇಲೆ ಕೈ ಪಳಗಿಸಿಕೊಂಡಿರಲ್ಲ, ಅದಕ್ಕೆ ಕೇಳ್ತಿದ್ದೀನಿ.

ವಿದ್ಯಾನಗರ: ನಿಮ್ಮ ಮಗ ಬೆಂಗಳೂರಿಂದ ಯಾವತ್ತು ವಾಪಸ್ ಬರ್ತಾನೆ, ಮೊದಲು ಅದನ್ನು ಹೇಳಿ.

ಅಡ್ಮಿನ್: ಮನೆ ಮಕ್ಕಳ ಸುದ್ದಿ ಬೇಡ. ಇಬ್ಬರೂ ನಿಲ್ಲಿಸಿ.

ಹೊನ್ನಾಳಿ: ಇಲ್ಲಿನ ಪ್ರೊಫೆಸರ್ ಕೊಟ್ಟ ಶಿಫಾರಸು ಪತ್ರ ನಡೆಯುತ್ತಾ ಮೇಡಂ?

ಚನ್ನಗಿರಿ: ಜೆ-1 ಒಳ್ಳೆಯದಾ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಚನ್ನಗಿರಿ: ಮೇಲೆ ಎಲ್ಲಿ? ಬರೀ ಜಗಳ ಇದೆ.

ಡಾಕ್ಟರ್: ಎರಡನೇ ಪ್ರಶ್ನೆ. ಓದಿ.

ಚಿತ್ರದುರ್ಗ: ಹುಡುಗನ ಅಜ್ಜಿಗೆ ನಾನೇ ಹೇಳಿದೆ ಮೇಡಂ. ಬೈದರು, ಆಮೇಲೆ ಅತ್ತರು. ಮಾರನೇ ದಿನ ಹೊಸ ಟ್ಯೂಬುಗಳನ್ನು ಬೇರೆ ಡಬ್ಬಿಯಲ್ಲಿಟ್ಟೆ. 'ತೊಳೆಯಬೇಡಿ' ಅಂತ ಮೇಲೆ ಚೀಟಿ ಅಂಟಿಸಿದೆ.

ಡಾಕ್ಟರ್: ಇದನ್ನು ಯಾಕಮ್ಮ ಬಿಟ್ಟಿದ್ದಿರಿ? ಬುಧವಾರ ಸಂಜೆ 6.30ಕ್ಕೆ ವಿಡಿಯೊ ಕಾಲ್ ಮಾಡಿ. ಅಜ್ಜಿಯಿಂದ ಚೀಟಿವರೆಗೆ ಹೇಳಿ, ಕೇಳ್ತೀನಿ.