ಪದಚರ್ಚೆ: ‘ವಾರ್ ಡೈರಿ’ಗೆ ಏನೆನ್ನೋಣ? (ತುರ್ತು)

ಮೊದಲ ಮಹಾಯುದ್ಧದ ಹೈಫಾ (ಈಗಿನ ಇಸ್ರೇಲಿನ ಊರು) ಕದನದ ಹಳೆಯ ಚಿತ್ರಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಊರಿಗೆ ನುಗ್ಗುವಾಗ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಬೆಟ್ಟ ಹತ್ತಿ ತುರ್ಕರ ಫಿರಂಗಿಗಳ ಮೇಲೆ ಬಿದ್ದರಲ್ಲ, ಅದರ ಫಲಕ. ಪಕ್ಕದಲ್ಲಿ ಆ ಕಾಲದ ‘ವಾರ್ ಡೈರಿ’ಯ ಒಂದು ಹಾಳೆ: ಸ್ಥಳ, ತಾರೀಖು, ಗಂಟೆ, ನಡೆದುದರ ಸಾರಾಂಶ ಎಂದು ಅಂಕಣ ಹಾಕಿದ ಅಚ್ಚಿನ ನಮೂನೆ. ‘ಯುದ್ಧ ದಿನಚರಿ’ ಎಂದು ಬರೆದರೆ ಓದಿದವರೆಲ್ಲ ‘ಯಾವ ಸಿಪಾಯಿಯದು?’ ಎನ್ನುತ್ತಾರೆ. ಅದು ಯಾರ ಸ್ವಂತದ್ದೂ ಅಲ್ಲ, ಪಡೆಯ ಪರವಾಗಿ ಅಧಿಕಾರಿ ಬರೆದಿಟ್ಟದ್ದು. ‘ಯುದ್ಧ ದಾಖಲೆ’ ತೀರ ಸಡಿಲ. ಬೇರೆ ಪದವಿದೆಯೇ?

*

ಇದೆ, ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ನಮ್ಮದೇ ಮಾತಿರುವಾಗ ಸಂಸ್ಕೃತದ ದಿನಚರಿ ಯಾಕೆ? ಜೊತೆಗೆ ‘ಲ್ಯಾನ್ಸರ್ಸ್’ ಕೂಡ ಬೇಡ. ಈಟಿ ರಾವುತರು ಎನ್ನಿ.

*

> ಇದೆ, ಕಡತ.

ಇವತ್ತು ಕಡತವೆಂದರೆ ಕಚೇರಿಯ ಫೈಲು, ಮೇಜಿನಿಂದ ಮೇಜಿಗೆ ಹೋಗುವಂಥದ್ದು. ಬಳಪದ ಕಡತ ನೋಡಿದವರಷ್ಟೇ ಪ್ರದರ್ಶನಕ್ಕೆ ಬರುತ್ತಾರೆಯೇ? ಇನ್ನು ರಾವುತ ‘ರಾಜಪುತ್ರ’ದ ತದ್ಭವ. ಸಂಸ್ಕೃತವನ್ನು ಮುಂಬಾಗಿಲಿನಿಂದ ಅಟ್ಟಿ ಹಿತ್ತಿಲಿನಿಂದ ಕರೆದುಕೊಂಡಿರಿ.

*

ತದ್ಭವ ಕನ್ನಡವೇ. ಚರ್ಚೆ ಬೇಕಿಲ್ಲ.

*

ಹಾಗಾದರೆ ಸವಾರ, ದಫೇದಾರ, ಫೌಜು ಎಲ್ಲವೂ ಕನ್ನಡವೇ. ಹೈದರ್, ಟಿಪ್ಪು ಕಾಲದ ದಂಡಿನ ಮಾತಿನಿಂದ ಪಾರಸಿಯನ್ನು ಹೆಕ್ಕಿ ತೆಗೆದರೆ ಉಳಿಯುವುದು ಕುದುರೆಯೊಂದೇ. ಲ್ಯಾನ್ಸರ್ಸ್ ಒಂದು ಪಡೆಯ ಹೆಸರು. ಹೆಸರನ್ನು ಅನುವಾದಿಸುವವರು ಮೊದಲು ತಮ್ಮ ಹೆಸರಿನಿಂದ ಶುರುಮಾಡಲಿ.

*

ಜಗಳ ಆಮೇಲೆ ಆಡಿಕೊಳ್ಳಿ, ಅವರಿಗೆ ನಾಳೆ ಅಚ್ಚು. ಪೊಲೀಸರ ‘ಠಾಣಾ ದಿನಚರಿ’ಯನ್ನು ನೋಡಿ ಯಾರೂ ‘ಯಾವ ಪೇದೆಯದು?’ ಎಂದು ಕೇಳುವುದಿಲ್ಲ, ಏಕೆಂದರೆ ಒಡೆತನ ಹೆಸರಿನಲ್ಲೇ ಇದೆ. ದಿನಚರಿ ಸರಿಯಾಗಿಯೇ ಇದೆ, ತೊಡಕಿರುವುದು ‘ಯುದ್ಧ’ದಲ್ಲಿ. ‘ಪಡೆಯ ದಿನಚರಿ’ ಎಂದು ಬರೆಯಿರಿ.

*

ಅದನ್ನೇ ಹಾಕುತ್ತೇನೆ: ‘ಪಡೆಯ ದಿನಚರಿಯ ಒಂದು ಪುಟ’. ಲ್ಯಾನ್ಸರ್ಸ್ ಹಾಗೆಯೇ ಇರುತ್ತದೆ. ಮುಂದಿನ ಫಲಕದಲ್ಲಿ ಒಬ್ಬ ಸವಾರನ ನಿಜವಾದ ಸ್ವಂತ ದಿನಚರಿಯೂ ಇದೆ, ಅದರ ಮೇಲೆ ‘ಸ್ವಂತ’ ಎಂದು ಸೇರಿಸಿದ್ದೇನೆ.

*

‘ಪಡೆ’ ಅಚ್ಚಗನ್ನಡ. ಗಮನಿಸಿದ್ದಕ್ಕೆ ಸಂತೋಷ.